ಮಾಮ ಓದಿದ ಹಾಗೆ

ನೋಡಿ ಗುರು, ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ಬೇಡಿ. ಕೆ.ಆರ್. ಪುರಂ ಸಂತೆ ಬೀದಿಯಿಂದ ಶಿವಾಜಿನಗರದ ಬಸ್ ಸ್ಟ್ಯಾಂಡ್‌ವರೆಗೂ ಜರಡಿ ಹಿಡ್ಕೊಂಡು ಹುಡುಕಿ, ಕಿರಣಕುಮಾರನ ಕಿವಿಯಂಥ ಕಿವಿ ಇನ್ನೊಂದು ಸಿಕ್ಕಿದ್ರೆ ಅವನು ತನ್ನ ಕಿವೀನೇ ಕಿತ್ತು ನಿಮ್ಮ ಕೈಗೆ ಕೊಡ್ತಾನೆ. ಒಂದು ಸಲ ಕೇಳಿದ್ರೆ ಮುಗೀತು. ಮಧ್ಯಾಹ್ನದ ಆಟಕ್ಕೆ ಹೋಗಿ ಬಂದ ಅಂದ್ರೆ ಸಂಜೆ ವಠಾರದ ನಲ್ಲಿ ಹತ್ರ ಇಡೀ ಪಿಕ್ಚರ್ ಒಪ್ಪಿಸ್ತಾನೆ. ಹೀರೋ ಅವನೇ, ವಿಲನ್ ಅವನೇ, ಮೆಟ್ಟಿಲ ಮೇಲೆ ಬಿದ್ದು ಅಳೋ ತಾಯೀನೂ ಅವನೇ. ಬಿಂದಿಗೆ ತುಂಬಿ ಹರಿದ್ರೂ ಹೆಂಗಸರು ನಲ್ಲಿ ತಿರುಗಿಸಲ್ಲ. ಶಿವಾಜಿನಗರದಲ್ಲಿ ನಜೀರ್ ಭಾಯ್ ಅವರ ಮಕ್ಕಳ ಬಟ್ಟೆ ಅಂಗಡಿ ಇದೆಯಲ್ಲ, ಅದರ ಮುಂದೆ ಸ್ಟೂಲ್ ಹತ್ತಿ ಕೂಗೋದು ಅವನ ಕೆಲಸ. ತಮಿಳಿಗೆ ತಮಿಳು, ದಖನಿಗೆ ದಖನಿ, ಇಂಗ್ಲಿಷಿಗೆ 'ಕಮ್ ಮೇಡಂ, ಸೀ ಮೇಡಂ'. ಗಿರಾಕಿ ಬಾಯಿಂದ 'ಸ್ವೆ' ಅಂತ ಬಂತಾ, ಸ್ವೆಟರ್ ಆಗಲೇ ಕೌಂಟರ್ ಮೇಲೆ. ಮಾತು ಬಾಗಿಲು ದಾಟೋಕೆ ಮುಂಚೆ ಅದರ ಮುಖ ಗುರುತು ಹಿಡಿಯೋ ಗಂಡು. ಅಂಥವನು ಒಂದು ಸೋಮವಾರ ಮೂರು ಜನರ ಮುಂದೆ ಎದೆ ಸೆಟೆಸಿ ಒಂದು ಮಾತು ಹೇಳಿದ, ಹೆಡ್‌ಮೇಷ್ಟ್ರ ಪೆನ್ನು ಗಾಳೀಲೇ ನಿಂತೋಯ್ತು. ಆ ಮಾತು ಬರತ್ತೆ. ಅವಸರ ಮಾಡ್ಬೇಡಿ, ಇಂಟರ್‌ವಲ್ ಆದ್ಮೇಲೆ.

ಆ ಸೋಮವಾರ ಹತ್ತೂವರೆಗೆ ಅವನು ಕೆ.ಆರ್. ಪುರಂನ ಒಂದು ಸರ್ಕಾರಿ ಶಾಲೆ ಪಡಸಾಲೆಯಲ್ಲಿ, ಒಂದು ಕಾಲು ಕುಂಟೋ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಅಕ್ಕನ ಮಗಳು ಸೌಂದರ್ಯಾ, ಎಂಟು ವರ್ಷ, ಮೂರನೇ ಕ್ಲಾಸು, ಎರಡು ಜಡೆಗೂ ಎರಡು ಬೇರೆ ಬಣ್ಣದ ರಿಬ್ಬನ್ನು. ಅವನು ಅಲುಗಾಡಿದಾಗೆಲ್ಲ ಬೆಂಚು ಅವಳ ಕಡೆ ಏಳ್ತಿತ್ತು, ಅವಳು ನಗ್ತಿದ್ಲು. ಅವನಿಗೆ ನಗು ಬರ್ತಿರಲಿಲ್ಲ. ಬಿಸಿಯೂಟದ ಕುಕ್ಕರ್ ಎಲ್ಲೋ ಕೂಗ್ತಿತ್ತು, ಬೇಳೆ ವಾಸನೆ ಜೊತೆ ಫಿನೈಲ್ ವಾಸನೆ ಬೆರೆತು ಬರ್ತಿತ್ತು. ಹಿಂದಿನ ದಿನ ಅಕ್ಕ ಗಂಗಾ ರೊಟ್ಟಿ ಬಡೀತಾ ಹೇಳಿದ್ದು ಇನ್ನೂ ಕಿವೀಲಿತ್ತು, ಅವನ ಕಿವೀಲಿ ಬಿದ್ದಿದ್ದು ಹೊರಗೆ ಹೋಗೋದೇ ಇಲ್ಲ, ಅದೇ ತಾಪತ್ರಯ. "ನಂಗ ರಜಾ ಕೊಡಂಗಿಲ್ಲೋ ಕಿರಣಾ. ದೊಮ್ಮಲೂರಿನ ಆಫೀಸಿನಾಗ ಹೊಸ ಸೂಪರ್‌ವೈಸರ್ ಬಂದಾನ, ಬಾತ್‌ರೂಮ್ ತೊಳಿಯೂದ ಒಂದ್ ತಾಸ ತಡಾ ಆದ್ರ ಅರ್ಧ ದಿನದ ಪಗಾರ ಕಡಿತಾನ. ನೀ ಹೋಗಿ ಬಾ. ಹೆಡ್‌ಮಾಸ್ತರ್ರು ಅಂದಾರ, ಹುಡುಗಿ ಪುಸ್ತಕ ನೋಡದ ಒದರ್ತಾಳ, ಓದಂಗಿಲ್ಲ. ನಾಳೆ ಯಾರೋ ಕಾಲೇಜಿನ ಮೇಡಮ್ಮಾರು ಬಂದು ಟೆಸ್ಟ್ ಮಾಡ್ತಾರಂತ. ಅದ್ರಾಗೂ ಆಗ್ಲಿಲ್ಲಂದ್ರ ತಲಿ ಮಂದ ಅಂತ ಬರದು ತಿರುಗಿ ಒಂದ್ನೇ ಕ್ಲಾಸಿನಾಗ ಕುಂಡ್ರಸ್ತಾರಂತ." ರೊಟ್ಟಿ ಮಗುಚಿ ಹಾಕಿ, ಅವನ ಕಡೆ ನೋಡದೇನೇ, "ಹಂಗೇನರ ಆದ್ರ ಇಕಿನ್ನ ಸಿಂಧನೂರಿಗೆ ಅವ್ವನ ಹಂತೇಕ ಬಿಟ್ಟು ಬರ್ತೀನಿ. ನಾನೂ ಇಲ್ಲ, ನೀನೂ ಇಲ್ಲ, ಖೋಲ್ಯಾಗ ಒಂದ ಕೂಸು ಕುಂತು ಏನ್ ಮಾಡ್ಬೇಕು?" ಅಂದ್ಲು. ಕಿರಣ ಕಾಲರ್ ಎತ್ತಿದ್ದ. "ಅಕ್ಕಾ, ಈ ಕಿರಣ ಉಸಿರಾಡೋವರೆಗೂ ಸೌಂದರ್ಯಾ ಲಗೇಜ್ ಕಟ್ಟೋ ಹಗ್ಗ ಇನ್ನೂ ಯಾವ ಮಾರ್ಕೆಟ್‌ಗೂ ಬಂದಿಲ್ಲ!" ಅಕ್ಕ ಸಟ್ಟುಗ ತೋರಿಸಿದ್ಲು. "ಡೈಲಾಗ್ ಬ್ಯಾಡ. ಹೋಗ್ತೀಯೋ ಇಲ್ಲೋ?"

ಹೋಗೋದೇನು ದೊಡ್ಡದಲ್ಲ. ಹೆಡ್‌ಮೇಷ್ಟ್ರ ಹತ್ರ ನಾಲ್ಕು ಮಾತು ಬಿಟ್ಟು, ಎರಡು ಸಲ ಕೈ ಮುಗಿದು, 'ಸಾರ್ ನೀವೇ ದೇವ್ರು' ಅಂದ್ರೆ ಯಾರಾದ್ರೂ ಕರಗ್ತಾರೆ ಅಂದ್ಕೊಂಡಿದ್ದ. ಆದ್ರೆ ಬಂದ ತಕ್ಷಣ ಹೆಡ್‌ಮೇಷ್ಟ್ರು ಮುನಿರಾಜಪ್ಪ ಕನ್ನಡಕದ ಮೇಲಿಂದ ನೋಡಿ, "ನೀವು ಮಗುವಿನ ಮಾವನಾ? ಮನೇಲಿ ಇವಳಿಗೆ ಓದಿ ಹೇಳೋರು ನೀವೇನಾ?" ಅಂದ್ರು. ಅವನು ಬಾಯಿ ತೆರೆಯೋಕೆ ಮುಂಚೆ ಸೌಂದರ್ಯಾ ಎರಡು ಕಾಲಿನ ತುದಿ ಮೇಲೆ ನಿಂತು, "ಹೂಂರೀ ಸರ! ನಮ್ಮ ಮಾಮ ದಿನಾ ಓದ್ತಾನ್ರೀ. ಪೇಪರ್ ಓದ್ತಾನ, ಪೊಟ್ಟಣ ಓದ್ತಾನ, ಏನ್ ಕೊಟ್ರೂ ಓದ್ತಾನ್ರೀ" ಅಂದ್ಬಿಟ್ಲು. "ಒಳ್ಳೇದಾಯ್ತು. ಮೇಡಂ ಮನೇಲಿ ಓದಿ ಹೇಳೋರನ್ನೂ ಓದಿಸಿ ನೋಡ್ತಾರಂತೆ. ಹೊರಗೆ ಕೂತಿರಿ, ಕರೀತಾರೆ."

ಅವತ್ತಿಂದ ಆ ಬೆಂಚು ಅವನ ಕೆಳಗೆ ಕುಂಟ್ತಾನೇ ಇದೆ. ಯಾಕಂದ್ರೆ ಕಿರಣಕುಮಾರನಿಗೆ ಓದೋಕೆ ಬರಲ್ಲ.

ಬರೋದೇ ಇಲ್ಲ ಅಂತ ಪೂರ್ತಿ ಅಂದ್ರೆ ಅದೂ ಸುಳ್ಳು. ಪದಗಳು ಅವನಿಗೆ ಮುಖಗಳು. 'ಶಿವಾಜಿನಗರ' ಅಂದ್ರೆ ಬಸ್ಸಿನ ಹಣೆ ಮೇಲಿರೋ ಉದ್ದ ಮುಖ. 'ಹಾಲು' ಒಂದು ಗಿಡ್ಡ ಮುಖ, ಬೂತಿನ ಮೇಲೆ ನೀಲಿ ಬಣ್ಣದಲ್ಲಿ ಕೂತಿರತ್ತೆ. 'ಮಹಿಳೆಯರಿಗೆ' ಸೀಟಿನ ಮೇಲೆ ಸಿಟ್ಟು ಮಾಡ್ಕೊಂಡಿರೋ ಮುಖ. ತನ್ನ ಹೆಸರು, ಅಕ್ಕನ ಹೆಸರು, ನಜೀರ್ ಭಾಯ್ ಅಂಗಡಿ ಹೆಸರು, ಹಿಂಗೆ ಇನ್ನೂರು ಮುಖ ಪರಿಚಯ. ಅದೇ ಪದ ಬೇರೆ ಬೋರ್ಡಿನ ಮೇಲೆ, ಬೇರೆ ಬಣ್ಣದಲ್ಲಿ ಬಂತೋ, ಟೋಪಿ ಹಾಕ್ಕೊಂಡ ಪರಿಚಯದವನ ಥರ, ಎಲ್ಲೋ ನೋಡಿದೀನಲ್ಲ ಅನ್ಸತ್ತೆ, ಅಷ್ಟರಲ್ಲಿ ಬಸ್ಸು ಹೋಗಿರತ್ತೆ. ಅಕ್ಷರ ಒಂದೊಂದಾಗಿ ಕೊಟ್ರೆ ಕೆಲವು ಗೊತ್ತು, ಆದ್ರೆ ಒಂದಕ್ಕೊಂದು ಅಂಟಿಸೋ ಹೊತ್ತಿಗೆ ಮೊದಲನೇದು ಕೈ ಜಾರಿರತ್ತೆ. ಊರಿನ ಶಾಲೇಲಿ ಅವನು ಯಾವಾಗ್ಲೂ ಮೂರನೆಯವನಾಗಿ ಓದೋಕೆ ಏಳ್ತಿದ್ದ. ಮೊದಲು ಭೀಮು ಓದೋನು, ಆಮೇಲೆ ಮಾನಪ್ಪ, ಅಷ್ಟರಲ್ಲಿ ಪಾಠ ಕಿವೀಲಿ ಕೂತಿರ್ತಿತ್ತು. ಪುಸ್ತಕ ಎದೆ ಮಟ್ಟಕ್ಕೆ ಹಿಡಿದು, ಸರಿಯಾದ ಕಡೆ ಪುಟ ತಿರುವಿ, ಮಾಸ್ತರರ ಕೆಮ್ಮನ್ನೂ ಬಿಡದೆ ಒಪ್ಪಿಸೋನು. 'ಇಡೀ ಕ್ಲಾಸಿನಾಗ ಇವನ ಛಲೋ ಓದತಾನ' ಅಂತ ಮಾಸ್ತರು ಬೆನ್ನು ತಟ್ಟಿದ್ರು. ಬೆನ್ನ ಮೇಲೆ ಆ ಕೈ ಬಿದ್ದ ಜಾಗ ಇವತ್ತೂ ಸ್ವಲ್ಪ ಉರಿಯತ್ತೆ. ಅಂಗಡೀಲಿ ನಜೀರ್ ಭಾಯ್ ಪಾರ್ಸೆಲ್ ಮೇಲಿನ ಅಡ್ರೆಸ್ ಓದು ಬೇಟಾ ಅಂದ್ರೆ ಕಣ್ಣಿಗೆ ಧೂಳು ಬೀಳತ್ತೆ. ಬ್ಯಾಂಕಲ್ಲಿ ಫಾರಂ ತುಂಬು ಅಂದ್ರೆ ಕೈ ಬೆರಳಿಗೆ ಪಟ್ಟಿ. ಅವನ ಮೈಯಲ್ಲಿ ಇರೋ ಗಾಯಗಳನ್ನೆಲ್ಲ ಕೂಡಿಸಿದ್ರೆ ಒಬ್ಬ ಫೈಟರ್‌ಗೆ ಪೆನ್ಷನ್ ಸಿಗ್ಬೇಕು.

ಒಂದು ಗಾಯ ಮಾತ್ರ ಅವನದಲ್ಲ. ವಠಾರದ ಕೊನೇ ಮನೆ ಶೇಷಮ್ಮ ಒಂದು ಕೆಂಪು ಮಾತ್ರೆ, ಒಂದು ಬಿಳಿ ಮಾತ್ರೆ, ಜೊತೆಗೆ ಡಾಕ್ಟರ್ ಚೀಟಿ ತಂದು ಅವನ ಕೈಗಿಟ್ಟಿದ್ಲು. "ನೀ ಓದಿದಾಂವ ಅದೀಯಪ್ಪ, ಯಾವ್ದು ಊಟಕ್ಕ ಮೊದಲ, ಯಾವ್ದು ಆಮೇಲೆ, ಹೇಳು." ನಲ್ಲಿ ಹತ್ರ ಹತ್ತು ಜನ ಇದ್ರು. ಅವನು ಚೀಟೀನ ಬೆಳಕಿಗೆ ಹಿಡಿದ, ಹುಬ್ಬು ಗಂಟಿಕ್ಕಿದ, ಕೋರ್ಟಿನ ಜಡ್ಜ್ ಥರ ಗಂಟಲು ಸರಿ ಮಾಡ್ಕೊಂಡ. "ಕೆಂಪು ಮೊದಲು, ಬಿಳಿ ಆಮೇಲೆ!" ಎಲ್ಲಾ ಆಯ್ತು, ಎಲ್ಲರೂ ಹೋದ್ರು. ಮಾರನೇ ದಿನ ಬೆಳಿಗ್ಗೆ ಶೇಷಮ್ಮನ ಬಾಗಿಲು ತೆಗೆಯೋವರೆಗೂ ಅವನು ಹಲ್ಲು ಉಜ್ಜಿದ್ದೇ ಉಜ್ಜಿದ್ದು, ಒಸಡಲ್ಲಿ ರಕ್ತ ಬಂತು. ಬಾಗಿಲು ತೆಗೀತು. ಆಮೇಲೆ ಮೆಡಿಕಲ್ ಶಾಪ್‌ಗೆ ಓಡಿ ಕೇಳಿದ್ರೆ ಉಲ್ಟಾ. ಬಂದು, "ಶೇಷಮ್ಮಾ, ಡಾಕ್ಟರ್ ಬದಲಾಯಿಸಿದ್ದಾರಂತೆ, ಇನ್ಮೇಲೆ ಬಿಳಿ ಮೊದಲು" ಅಂದ. ಅವಳು ತಲೆ ಮೇಲೆ ಕೈಯಿಟ್ಟು, ನೂರು ವರ್ಷ ಬಾಳು ಅಂದ್ಲು. ನೂರು ವರ್ಷ ಈ ಥರ ಹೆಂಗೆ ಬಾಳೋದು ಅಂತ ಅವನು ಯೋಚ್ನೆ ಮಾಡಿದ್ದು ಅವತ್ತೇ ಮೊದಲು.

"ಮಾಮಾ, ಅಲ್ಲಿ ಗೋಡೀ ಮ್ಯಾಲ ಏನ್ ಬರದಾರ, ಓದು" ಅಂದ್ಲು ಸೌಂದರ್ಯಾ. ಎದುರಿಗೆ ಗೋಡೆ ತುಂಬ ಹಸಿರು ಅಕ್ಷರ, ಒಂದು ಮದುವೆ ಮನೆಗೆ ಬೇಕಾಗೋಷ್ಟು ಜನ, ಒಬ್ಬರೂ ಗೊತ್ತಿಲ್ಲ. "ಅದಾ? 'ಈ ಶಾಲೇಲಿ ಮಾಮಂದಿರನ್ನ ಗೋಳು ಹುಯ್ಕೊಂಡ್ರೆ ಮಂಡಿ ಊರಿಸಲಾಗುವುದು'." ಅವಳು ಕಿಸಕ್ಕನೆ ನಕ್ಕಳು, ಆಮೇಲೆ ಗೋಡೆ ಕಡೆ ನೋಡಿದ್ಲು, ಸ್ವಲ್ಪ ಹೊತ್ತು ನೋಡ್ತಾನೇ ಇದ್ಲು, ತುಟಿ ಸಣ್ಣಗೆ ಅಲುಗಾಡ್ತಿತ್ತು. ಆಮೇಲೆ ಅವನ ಮುಖ ನೋಡಿದ್ಲು.

ಆ ತುಟಿ ಅಲುಗಾಟ ಅವನಿಗೆ ಹಳೇದು. ಎರಡು ವರ್ಷದ ಹಿಂದೆ ಒಂದು ಸಂಜೆ ಅವಳು ಹೊಸ್ತಿಲ ಮೇಲೆ ಕೂತು ಒಂದನೇ ಕ್ಲಾಸಿನ ಪುಸ್ತಕ ತೊಡೆ ಮೇಲಿಟ್ಕೊಂಡು, ಬೆರಳು ಊರಿ, 'ಮ... ರ... ಮ-ರ... ಮರ' ಅಂತಿದ್ಲು. ಒಂದು ಪದಕ್ಕೆ ಒಂದು ನಿಮಿಷ. ಅವನು ಆಗ ತಾನೇ ಅಂಗಡಿಯಿಂದ ಬಂದು ಚಪ್ಪಲಿ ಬಿಡ್ತಿದ್ದ. ಆ ಸದ್ದು ಕೇಳ್ತಿದ್ದ ಹಾಗೆ ಮೈಯೆಲ್ಲ ಏನೋ ಆಯ್ತು, ಈಗ ಕೂತು ನೋಡಿದ್ರೆ ಅದು ಹೊಟ್ಟೆಕಿಚ್ಚೇ ಇರ್ಬೇಕು, ಆರು ವರ್ಷದ ಕೂಸಿನ ಮೇಲೆ. "ಏನೇ ಇದು, ಬೆಳಿಗ್ಗೆ ಸ್ಟಾರ್ಟ್ ಆಗದ ಆಟೋ ಥರ ಗುರ್ ಗುರ್ ಅಂತೀಯ! ಕೊಡಿಲ್ಲಿ. ಓದೋದು ಅಂದ್ರೆ ಹಿಂಗೆ, ಒಂದೇ ಟೇಕು!" ಅಂತ ಪುಸ್ತಕ ಕಿತ್ಕೊಂಡು, ಚಿತ್ರ ನೋಡಿ, ಮರ ಒಂದಿತ್ತು, ಹಕ್ಕಿ ಒಂದಿತ್ತು, ಹಕ್ಕಿಗೂ ಮರಕ್ಕೂ ಹಳೇ ದ್ವೇಷ ಇರೋ ಥರ ಒಂದು ಕತೆ ಹೊಡೆದ. ವಠಾರ ಚಪ್ಪಾಳೆ ತಟ್ಟಿತು. ಸೌಂದರ್ಯಾ ಕಣ್ಣು ಅರಳಿಸಿ ನೋಡ್ತಿದ್ಲು. ಆಮೇಲೆ ಅವಳು ಬೆರಳು ಊರಿದ್ದನ್ನ ಅವನು ನೋಡಲೇ ಇಲ್ಲ. ಅವಳೂ ಪುಸ್ತಕ ಎದೆ ಮಟ್ಟಕ್ಕೆ ಹಿಡಿದು, ಕ್ಲಾಸಲ್ಲಿ ಟೀಚರ್ ಹೇಳಿದ್ದನ್ನ ಗಾಳೀಲಿ ಕೈ ಆಡಿಸಿ ಒದರೋಕೆ ಶುರು ಮಾಡಿದ್ಲು. ಓದೋದು ಅಂದ್ರೆ ಇದೇ ಅಂತ ತಿಳ್ಕೊಂಡ್ಲು. ಅಥವಾ ಮಾಮನಿಗೆ ಇದೇ ಇಷ್ಟ ಅಂತ ತಿಳ್ಕೊಂಡ್ಲು. ಬೆಂಚಿನ ಮೇಲೆ ಕೂತು ಇದೆಲ್ಲ ಒಂದಕ್ಕೊಂದು ಅಂಟ್ಕೊಳ್ತಿದ್ದ ಹಾಗೆ ಅವನ ಅಂಗೈ ಬೆವೆತಿತ್ತು. ತಲೆ ಮಂದ ಅಂತ ಬರೆಯೋದಾದ್ರೆ ಯಾರ ಹೆಸರಿನ ಮುಂದೆ ಬರೀಬೇಕು ಅಂತ ಅವನೊಬ್ಬನಿಗೆ ಗೊತ್ತಿತ್ತು.

ಅಷ್ಟರಲ್ಲಿ ಒಳಗಿಂದ ಒಂದು ದನಿ ಬಂತು. ತೂಬಾ ಅಂತ, ಸೌಂದರ್ಯಾ ಕ್ಲಾಸಿನ ಹುಡುಗಿ, ಅವಳ ಸರದಿ. ಕಾಲೇಜಿನ ಮೇಡಂ ಪ್ರಿಯದರ್ಶಿನಿ ಮೆತ್ತಗೆ ಹೇಳ್ತಿದ್ರು: "ಇವೆಲ್ಲ ಸುಳ್ಳು ಪದ ಪುಟ್ಟಿ, ನಾನೇ ಮಾಡಿದ್ದು, ಅರ್ಥ ಇಲ್ಲ. ಯಾರೂ ಇದನ್ನ ಮೊದಲು ಕೇಳಿರಲ್ಲ. ಕಾರ್ಡ್ ನೋಡ್ಕೊಂಡು ಓದು." ಅರ್ಥ ಇಲ್ಲದ ಪದ! ಯಾವ ಊರಲ್ಲೂ ಹುಟ್ಟದ ಮನುಷ್ಯನ ಮುಖ ತೋರಿಸಿ ಹೆಸರೇನು ಅಂತ ಕೇಳೋದಾ? ಒಳಗೆ ತೂಬಾ ಗುರ್ ಗುರ್ ಅಂತ ಸ್ಟಾರ್ಟ್ ಮಾಡಿದ್ಲು. 'ತ... ಬಾ... ನಿ. ತಬಾನಿ.' 'ಗು... ಮ... ಲೆ. ಗುಮಲೆ.' ತಕ್ಷಣ ಅವನ ಕಿವಿ ಎದ್ದು ಕೂತ್ಕೊಳ್ತು. ಭೀಮು ಓದಿದ್ದು, ಮಾನಪ್ಪ ಓದಿದ್ದು, ಈಗ ತೂಬಾ. ಪಿಡಸು. ನೊರಗಿ. ಚಕೂಲು. ಮೆದಟ. ಆರು ಪದ. ಬೆಂಚಿನ ಮೇಲೆ ಬೆರಳು ಮಡಚಿ ಎರಡು ಸಲ ಒಪ್ಪಿಸ್ಕೊಂಡ, ಬಾಲ ಸಮೇತ ಬಂತು. ಬೆವರು ಆರಿತು. ಕಾಲರ್ ತಾನೇ ತಾನಾಗಿ ಎದ್ದು ನಿಂತ್ಕೊಳ್ತು. "ಬಾರೇ ಸೌಂದರ್ಯಾ, ಮಾಮನ ಓದು ಇವತ್ತು ನೋಡು" ಅಂದ.

ಒಳಗೆ ಒಂದು ಮೇಜು, ಒಂದು ಕಡೆ ಮುನಿರಾಜಪ್ಪ ಮೇಷ್ಟ್ರು ಫಾರಂ ಇಟ್ಕೊಂಡು, ಇನ್ನೊಂದು ಕಡೆ ಪ್ರಿಯದರ್ಶಿನಿ. ಚಿಕ್ಕ ವಯಸ್ಸು, ಮುಖದಲ್ಲಿ ಜೋರೇನೂ ಇಲ್ಲ, ಅದೇ ಅವನಿಗೆ ಇನ್ನೂ ಭಯ ಆಗಿದ್ದು. "ಮೊದಲು ನೀವು ಓದಿ ಕಿರಣ್ ಅವ್ರೇ, ಆಮೇಲೆ ಅವಳಿಗೆ ಧೈರ್ಯ ಬರತ್ತೆ" ಅಂದ್ರು. ಅನ್ನುತ್ತಾ ಆರು ಕಾರ್ಡನ್ನ ಕೈಯಲ್ಲಿ ಹಿಡಿದು, ಇಸ್ಪೀಟ್ ಎಲೆ ಕಲಸೋ ಹಾಗೆ, ಸುಮ್ನೆ, ಅಭ್ಯಾಸಕ್ಕೆ ಅನ್ನೋ ಹಾಗೆ, ಮೂರು ಸಲ ಕಲಸಿದ್ರು.

ಅವನು ನೋಡ್ತಾನೇ ಇದ್ದ. ಕಾರ್ಡುಗಳು ಒಂದರೊಳಗೊಂದು ನುಗ್ತಿದ್ವು, ಅವನ ಆರು ಪದ ಹೊಟ್ಟೇಲಿ ಸಾಲಾಗಿ ನಿಂತಿದ್ವು, ಶಾಲೆ ಪ್ರಾರ್ಥನೇಲಿ ನಿಂತ ಮಕ್ಕಳ ಥರ, ಅಲುಗಾಡದೆ. ಮೊದಲನೇ ಕಾರ್ಡ್ ಎದ್ದು ನಿಂತಿತು. ಬಿಳಿ ಮೇಲೆ ಕಪ್ಪು. ಕಣ್ಣು, ಮೂಗು, ಕೊಕ್ಕೆ, ಸುಳಿ. ಪಕ್ಕದಲ್ಲಿ ಸೌಂದರ್ಯಾ ತುಟಿ ಮುಂದೆ ಚಾಚಿ ಮೆಲ್ಲಗೆ ಅಲುಗಾಡಿಸ್ತಿದ್ದದ್ದು ಕಣ್ಣಂಚಿಗೆ ಕಾಣ್ತು. ಏನಾದ್ರೂ ಹೇಳ್ಬೇಕಲ್ಲ. "ತಬಾನಿ!" ಅಂದ, ಗಟ್ಟಿಯಾಗಿ, ಸ್ಟೂಲ್ ಮೇಲಿಂದ ಕೂಗೋ ದನೀಲಿ. ಅವಳ ತುಟಿ ನಿಂತೋಯ್ತು. ಎರಡನೇ ಕಾರ್ಡ್. "ಗುಮಲೆ!" ಮೂರನೇದು. "ಪಿಡಸು!" ಪ್ರಿಯದರ್ಶಿನಿ ಪ್ರತಿ ಸಲ ಕಾರ್ಡಿನ ಹಿಂದೆ ನೋಡಿದ್ರು, ಅವನನ್ನ ನೋಡಿದ್ರು, ಮುಂದಿನದು ಎತ್ತಿದ್ರು. ಆರೂ ಮುಗೀತು. ಒಂದೂ ತೊದಲಲಿಲ್ಲ. ಆಮೇಲೆ ಅದೇ ಕಾರ್ಡುಗಳನ್ನ ಸೌಂದರ್ಯಾಗೆ ತೋರಿಸಿದ್ರು, ಈ ಸಲ ಕಲಸದೇನೇ. ಅವಳು ಕಾರ್ಡ್ ನೋಡಿದ್ಲು. ಮಾಮನನ್ನ ನೋಡಿದ್ಲು. ಬೆನ್ನು ನೆಟ್ಟಗೆ ಮಾಡಿ, ಅವನದೇ ದನಿ, ಅವನದೇ ಗತ್ತು: "ತಬಾನಿ! ಗುಮಲೆ! ಪಿಡಸು! ನೊರಗಿ! ಚಕೂಲು! ಮೆದಟ!"

"ನೋಡಿದ್ರಾ ಮೇಡಂ, ನಾನು ಹೇಳಲಿಲ್ವಾ, ಬರೀ ಗಿಳಿಪಾಠ" ಅಂತ ಮುನಿರಾಜಪ್ಪ ಮೇಷ್ಟ್ರು ಪೆನ್ನು ತೆಗೆದ್ರು. ಪ್ರಿಯದರ್ಶಿನಿ ತಡೆದ್ರು. ಮೇಜಿನ ಮೇಲೆ ಸ್ವಲ್ಪ ಬಗ್ಗಿ, ಹುಷಾರಿಲ್ಲದವರನ್ನ ಮಾತಾಡ್ಸೋ ಹಾಗೆ ಕೇಳಿದ್ರು: "ಕಿರಣ್ ಅವ್ರೇ, ಪದ ಎಲ್ಲಾ ಸರಿ ಇದೆ, ಆದ್ರೆ ನಾನು ತೋರಿಸಿದ ಕಾರ್ಡೇ ಬೇರೆ. ನಿಮಗೆ... ಓದೋಕೆ ಬರತ್ತಾ? ಬರದೇ ಇದ್ರೆ ತಪ್ಪಿಲ್ಲ. ಗೊತ್ತಾದ್ರೆ ಇವಳಿಗೆ ಏನಾಗಿದೆ ಅಂತ ನಮಗೆ ಅರ್ಥ ಆಗತ್ತೆ."

ಬಂತು ನೋಡಿ ಸೀನು. ಕಿರಣಕುಮಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಕಿಟಕಿಯಿಂದ ಬೆಳಕು ಸರಿಯಾಗಿ ಮುಖಕ್ಕೇ ಬಿತ್ತು. "ಬರಲ್ಲ ಮೇಡಂ! ಈ ಕಿರಣನಿಗೆ ಓದೋಕೆ ಬರಲ್ಲ. ಮಂದ ಆಗಿರೋದು ಅವಳ ತಲೆಯಲ್ಲ, ನನ್ನ ಬಾಯಿ. ಬರ್ಕೊಳ್ಳಿ ಸಾರ್, ಎಷ್ಟು ಬರೀತೀರೋ ನನ್ನ ಹೆಸರಿನ ಮುಂದೆ ಬರ್ಕೊಳ್ಳಿ!" ಹೆಡ್‌ಮೇಷ್ಟ್ರ ಪೆನ್ನು ಗಾಳೀಲಿ ನಿಂತೋಯ್ತು. ಸೌಂದರ್ಯಾ ಓಡಿ ಬಂದು ಸೊಂಟ ತಬ್ಕೊಂಡ್ಲು. ಹೊರಗೆ ಬೆಲ್ಲು ಢಣ್ ಅಂತು.

ಇಲ್ಲಿಗೆ ನಿಲ್ಲಿಸಿದ್ದೆ. ಕಿರಣ ಅಂದ್ರೆ ನಾನೇ, ಗೊತ್ತಾಗಿರತ್ತೆ ನಿಮಗೆ. ಇದನ್ನ ನಾನು ಬರೆದಿಲ್ಲ, ಫೋನಿಗೆ ಹೇಳಿದ್ದು, ನಾನು ಹೇಳ್ದಂಗೆ ಅದು ಬರ್ಕೊಳ್ಳತ್ತೆ. ಸರಿಯಾಗಿ ಬರ್ಕೊಂಡಿದ್ಯೋ ಇಲ್ವೋ ನೋಡೋಕೆ ನಂಗೆ ಆಗಲ್ಲ, ಅದಕ್ಕೆ ಸೌಂದರ್ಯಾನ ಕರೆದೆ. ಬೇಸಿಗೆ ರಜಕ್ಕೆ ಸಿಂಧನೂರಿಂದ ಬಂದಿದ್ದಾಳೆ. ಹೂಂ, ಸಿಂಧನೂರಿಂದ. ಈಗ ಹೊಸ್ತಿಲ ಮೇಲೆ ನನ್ನ ಪಕ್ಕ ಕೂತು, ಫೋನಿನ ಗಾಜಿನ ಮೇಲೆ ಬೆರಳು ಊರಿ, ಗುರ್ ಗುರ್ ಅಂತ ಒಂದೊಂದೇ ಸಾಲು ಓದಿದ್ಲು. ನನ್ನ ಡೈಲಾಗೆಲ್ಲ ಆ ಸ್ಪೀಡಲ್ಲಿ ಕೇಳೋದು ಒಂದು ಶಿಕ್ಷೆ ಗುರು, ಗತ್ತು ಇರಲ್ಲ, ಬರೀ ಮಾತು ಉಳಿಯತ್ತೆ. 'ಬ... ರ... ಲ್ಲ... ಮೇ... ಡಂ' ವರೆಗೆ ಬಂದು ಬೆರಳು ನಿಲ್ಲಿಸಿದ್ಲು.

"ಮಾಮಾ, ನೀ ಹಿಂಗ ಅಂದಿಲ್ಲ."

ಅಂದಿಲ್ಲ. ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ ಮೇಡಂ, ಅಂದೆ. ಕೂತಲ್ಲೇ ಅಂದೆ, ಎದ್ದೂ ನಿಲ್ಲಲಿಲ್ಲ. ನಂಗೆ ಕನ್ನಡಕ ಇಲ್ಲ. ಪ್ರಿಯದರ್ಶಿನಿ ಮೇಡಂ ಇವಳನ್ನ ನೋಡಿ, "ಹೌದಾ ಪುಟ್ಟಿ?" ಅಂದ್ರು. "ಹೌದ್ರೀ. ಕಪ್ಪನ ಕನ್ನಡಕ. ಮಾಮ ದಿನಾ ಹಾಕ್ಕೊಂಡ ಓದ್ತಾನ್ರೀ" ಅಂದ್ಲು ಇವಳು, ಕಣ್ಣು ಮಿಟುಕಿಸದೆ. ಮೇಡಂ ಕಾರ್ಡುಗಳನ್ನ ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ರು. ಮೇಷ್ಟ್ರು ಫಾರಂ ಮೇಲೆ ಏನೋ ಒಂದು ಸಾಲು ಬರೆದು, "ಓದಿ ಸೈನ್ ಮಾಡಿ" ಅಂತ ನನ್ನ ಕಡೆ ತಳ್ಳಿದ್ರು. ಆ ಸಾಲಲ್ಲಿ ಸೌಂದರ್ಯಾ ಅನ್ನೋ ಮುಖ ಒಂದು ಗೊತ್ತಾಯ್ತು. ಉಳಿದವರು ಯಾರೂ ಗೊತ್ತಿಲ್ಲ. ಆದ್ರೂ ಏನಿರತ್ತೆ ಅಂತ ಗೊತ್ತಿತ್ತು. ಓದೋನ ಥರ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನೋಡಿದೆ, ಎಷ್ಟು ಹೊತ್ತು ನೋಡಿದ್ರೆ ಓದಿದಂಗೆ ಕಾಣತ್ತೆ ಅಂತ ನಂಗೆ ಲೆಕ್ಕ ಇದೆ. ಆಮೇಲೆ ಸೈನ್ ಮಾಡ್ದೆ. ಸೈನ್ ಒಂದು ಚೆನ್ನಾಗಿ ಮಾಡ್ತೀನಿ, ಹೀರೋ ಆಟೋಗ್ರಾಫ್ ಥರ, ಕೆಳಗೆ ಎರಡು ಗೆರೆ ಎಳೆದು. ಆ ಶನಿವಾರ ಅಕ್ಕ ಇವಳ ಲಗೇಜ್ ಕಟ್ಟಿದ್ಲು. ಹಗ್ಗ ಅಂಗಡಿಯಿಂದ ನಾನೇ ತಂದ್ಕೊಟ್ಟೆ.

"ಮೊದಲ್ನೇ ಕಾರ್ಡು ಚಕೂಲು ಇತ್ತು" ಅಂದ್ಲು ಸೌಂದರ್ಯಾ, ಫೋನಿಂದ ತಲೆ ಎತ್ತದೆ.

"ನಿಂಗೆ ಆವತ್ತೇ ಗೊತ್ತಿತ್ತಾ?"

"ಹೂಂ. ಎಲ್ಲಾ ಗೊತ್ತಿದ್ವು."

"ಮತ್ತೆ ಯಾಕೇ ಹೇಳಲಿಲ್ಲ?"

"ನೀ ಬ್ಯಾರೆ ಅಂದಿದ್ಯಲ್ಲ."

ನಲ್ಲೀಲಿ ನೀರು ಬಂದಿತ್ತು, ಯಾರೋ ಬಿಂದಿಗೆ ಇಟ್ಟು, ಕಿರಣಾ ಇವತ್ತು ಯಾವ ಪಿಕ್ಚರೋ ಅಂತ ಕೂಗಿದ್ರು. ನಾನು ಹೊಸ್ತಿಲಿಂದ ಏಳಲಿಲ್ಲ. ಅವಳು ಫೋನನ್ನ ನನ್ನ ಬಾಯಿ ಹತ್ರ ಹಿಡಿದು, "ಇದನ್ನೂ ಹೇಳು" ಅಂದ್ಲು. ಹೇಳಿದೀನಿ. ಈಗ ಅವಳು ಬೆರಳು ಊರಿ ಮೊದಲಿಂದ ಓದ್ತಾ ಬರ್ತಿದ್ದಾಳೆ, ನಾನು ಕಾಯ್ತಾ ಕೂತಿದೀನಿ.